ನಡುಗುವ ಸ್ಟೀರಿಂಗ್: ಒಂದು ಕಂಪನದ ಚರಿತ್ರೆ

ಬೆಂಗಳೂರಿನಿಂದ ಚಿತ್ರದುರ್ಗದ ಕಡೆಗೆ ಕಾರಿನಲ್ಲಿ ಹೊರಟಿದ್ದೀರಿ ಎಂದುಕೊಳ್ಳಿ. ನೆಲಮಂಗಲದವರೆಗೆ ವಾಹನಗಳ ಸಂದಣಿ. ವೇಗ ಗಂಟೆಗೆ 40-50 ಕಿ.ಮೀ. ಮೀರುವುದೇ ಕಷ್ಟ. ತುಮಕೂರು ದಾಟಿದ ಮೇಲೆ ರಸ್ತೆ ಬಿಡುವಾಗುತ್ತದೆ, ವೇಗ ಏರುತ್ತದೆ. 75ರವರೆಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. 85 ಮುಟ್ಟುತ್ತಿದ್ದಂತೆ ಸ್ಟೀರಿಂಗ್ ಹಿಡಿದ ಅಂಗೈಗಳಲ್ಲಿ ಸಣ್ಣದೊಂದು ನಡುಕ. 90ರಲ್ಲಿ ಅದು ಸ್ಪಷ್ಟವಾಗಿ ಕಣ್ಣಿಗೂ ಕಾಣುತ್ತದೆ. ಇನ್ನೇನು ಬಿಚ್ಚಿಕೊಂಡೇ ಬಿಡುತ್ತದೆ ಎಂದು ಹೆದರುತ್ತಲೇ ನೀವು 100ರ ಹತ್ತಿರ ಹೋದರೆ ಒಂದು ವಿಚಿತ್ರ ನಡೆಯುತ್ತದೆ. ನಡುಕ ಹೆಚ್ಚುವ ಬದಲು ಕಡಿಮೆಯಾಗುತ್ತದೆ!

ಯಾವುದೋ ಭಾಗ ಸಡಿಲವಾಗಿದೆ ಎಂಬುದಷ್ಟೇ ಕಾರಣವಾಗಿದ್ದರೆ ವೇಗ ಹೆಚ್ಚಿದಂತೆ ನಡುಕವೂ ಹೆಚ್ಚಬೇಕಿತ್ತಲ್ಲವೇ? ಒಂದು ನಿರ್ದಿಷ್ಟ ವೇಗದಲ್ಲಿ ಬಂದು, ಅದನ್ನು ದಾಟಿದೊಡನೆ ಹಿಂದೆ ಸರಿಯುವ ಈ ನಡುಕದ ಅರ್ಥವೇನು? ಇದನ್ನು ತಿಳಿಯಲು ಮನುಷ್ಯನಿಗೆ ಹಲವು ದಶಕಗಳೇ ಬೇಕಾದವು. ಆ ಕಥೆಯಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಂಗತಿ ಇದೆ. ಪ್ರತಿ ಬಾರಿಯೂ ದೊಡ್ಡ ಕಂಪನವೊಂದನ್ನು ಅಡಗಿಸಿದಾಗ, ಅದರ ಹಿಂದೆ ಮರೆಯಾಗಿದ್ದ ಚಿಕ್ಕ ಕಂಪನವೊಂದು ಹೊರಬಂದಿದೆ. ಹಾಗಾಗಿ ಸ್ಟೀರಿಂಗ್ ನಡುಕಕ್ಕೆ ಒಂದೇ ಕಾರಣ, ಒಂದೇ ಮದ್ದು ಎಂದು ನಂಬಿದವರೆಲ್ಲ ಎಡವಿದ್ದಾರೆ.

ಕಾರಿಗೂ ಮೊದಲು

ಕಥೆ ಆರಂಭವಾಗುವುದು ರಸ್ತೆಯಲ್ಲಲ್ಲ, ಕಾರ್ಖಾನೆಯಲ್ಲಿ. 19ನೇ ಶತಮಾನದಲ್ಲಿ ಯಂತ್ರಗಳ ದಂಡಗಳು ಹೆಚ್ಚು ಹೆಚ್ಚು ವೇಗವಾಗಿ ತಿರುಗತೊಡಗಿದವು. ತಿರುಗುವ ವಸ್ತುವಿನ ಗುರುತ್ವ ಕೇಂದ್ರ ಅದರ ಅಕ್ಷದ ಮೇಲೆ ಕರಾರುವಾಕ್ಕಾಗಿ ಇರುವುದು ಅಪರೂಪ. ಕೂದಲೆಳೆಯಷ್ಟು ಆಚೀಚೆ ಇದ್ದರೂ ಸಾಕು, ವಸ್ತು ತಿರುಗುವಾಗ ಅಕ್ಷವನ್ನು ಹೊರಕ್ಕೆ ಎಳೆಯುತ್ತದೆ. 1869ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ರ್‍ಯಾಂಕಿನ್ ಇದನ್ನು ಗಣಿತಕ್ಕೆ ಒಳಪಡಿಸಿದ. ಪ್ರತಿಯೊಂದು ದಂಡಕ್ಕೂ ಒಂದು ಮಿತಿವೇಗ ಇದೆ, ಅದನ್ನು ದಾಟಿ ಸ್ಥಿರವಾಗಿ ತಿರುಗಲು ಸಾಧ್ಯವಿಲ್ಲ ಎಂಬುದು ಅವನ ತೀರ್ಮಾನವಾಗಿತ್ತು.

ಆದರೆ ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್ ಬೇರೆಯದನ್ನೇ ಮಾಡಿ ತೋರಿಸಿದ. ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರದಿಂದ ಹೆಸರಾದ ಈತ, 1880ರ ದಶಕದಲ್ಲಿ ನಿಮಿಷಕ್ಕೆ 30,000 ಸುತ್ತುಗಳವರೆಗೆ ತಿರುಗುವ ಉಗಿ ಟರ್ಬೈನನ್ನು ರೂಪಿಸಿದ. ಅದಕ್ಕೆ ದಪ್ಪ ದಂಡ ಹಾಕುವ ಬದಲು ತೆಳ್ಳನೆಯ, ಬಾಗಬಲ್ಲ ದಂಡವನ್ನು ಜೋಡಿಸಿದ. ವೇಗ ಏರುವಾಗ ಟರ್ಬೈನು ಒಂದು ಹಂತದಲ್ಲಿ ಜೋರಾಗಿ ನಡುಗಿತು. ಆ ಹಂತ ದಾಟಿದ ಮೇಲೆ ನಿದ್ರಿಸುವ ಬುಗುರಿಯಂತೆ ಶಾಂತವಾಗಿ ತಿರುಗಿತು. ಸಾಧ್ಯವಿಲ್ಲವೆಂದು ಸಿದ್ಧಾಂತ ಹೇಳಿದ್ದನ್ನು ಯಂತ್ರ ಮಾಡಿತ್ತು! ಸಿದ್ಧಾಂತ ಅದನ್ನು ಹಿಂಬಾಲಿಸಿತು. 1895ರಲ್ಲಿ ಜರ್ಮನಿಯ ಆಗಸ್ಟ್ ಫಾಪ್ಲ್, 1919ರಲ್ಲಿ ಐರ್ಲೆಂಡಿನ ಹೆನ್ರಿ ಜೆಫ್‌ಕಾಟ್ ಇದಕ್ಕೆ ಸರಿಯಾದ ವಿವರಣೆ ನೀಡಿದರು.

ಆ ವಿವರಣೆ ನಿಮಗೆ ಪರಿಚಿತವಾದ ಅನುರಣನೆಯೇ. ಪ್ರತಿಯೊಂದು ವ್ಯವಸ್ಥೆಗೂ ತನ್ನದೇ ಆದ ಸಹಜ ಆವೃತ್ತಿ ಇದೆ. ಹೊರಗಿನಿಂದ ಬೀಳುವ ಲಯಬದ್ಧ ತಳ್ಳಾಟದ ಆವೃತ್ತಿ ಇದಕ್ಕೆ ಸಮನಾದಾಗ ಕಂಪನ ಗರಿಷ್ಠವಾಗುತ್ತದೆ. ಹೊರಗಿನ ಆವೃತ್ತಿ ಇನ್ನೂ ಹೆಚ್ಚಿದರೆ ಕಂಪನ ಇಳಿಯುತ್ತದೆ. ಉಯ್ಯಾಲೆಯನ್ನು ತಪ್ಪು ಲಯದಲ್ಲಿ ಬೇಗಬೇಗ ತಳ್ಳಿದರೆ ಅದು ದೂರ ಹೋಗುವುದಿಲ್ಲ. ಇದೂ ಹಾಗೆಯೇ. ತುಮಕೂರು ದಾಟಿದ ಮೇಲೆ ನಿಮ್ಮ ಅಂಗೈಗೆ ತಾಕಿದ್ದು ಲಾವಾಲನ ಟರ್ಬೈನು ದಾಟಿದ ಅದೇ ದಿಬ್ಬ.

ತಿರುಗುವ ಭಾಗಗಳನ್ನು ಮೊದಲೇ ತೂಗಿ ಸಮತೋಲನಗೊಳಿಸುವ ಕಲೆಯೂ ಈ ಕಾಲದ್ದೇ. 1870ರಲ್ಲಿ ಕೆನಡಾದ ಹೆನ್ರಿ ಮಾರ್ಟಿನ್‌ಸನ್ ಸಮತೋಲನ ಯಂತ್ರಕ್ಕೆ ಪೇಟೆಂಟ್ ಪಡೆದ. 1907ರಲ್ಲಿ ಜರ್ಮನಿಯ ಫ್ರಾಂಜ್ ಲಾವಾಚೆಕ್ ಅದನ್ನು ಸುಧಾರಿಸಿದ. ಡಾರ್ಮ್‌ಸ್ಟಾಟ್‌ನ ಕಾರ್ಲ್ ಶೆಂಕ್ ಕಾರ್ಖಾನೆ ಅಂಥ ಯಂತ್ರಗಳನ್ನು ತಯಾರಿಸತೊಡಗಿತು. ಆಗ ಇವು ಟರ್ಬೈನು, ಮೋಟರುಗಳಿಗೆ ಬೇಕಾಗಿದ್ದವೇ ಹೊರತು ಕಾರಿನ ಚಕ್ರಕ್ಕಲ್ಲ. ಕಾರುಗಳು ಅಷ್ಟು ವೇಗವಾಗಿ ಓಡುತ್ತಿರಲಿಲ್ಲ.

ಕುಣಿದ ಚಕ್ರಗಳು

1845ರಲ್ಲಿ ರಾಬರ್ಟ್ ಥಾಮ್ಸನ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದಿದ್ದರೂ ಅದು ಬಳಕೆಗೆ ಬಂದದ್ದು 1888ರಲ್ಲಿ ಬೆಲ್‌ಫಾಸ್ಟ್‌ನ ಜಾನ್ ಡನ್‌ಲಪ್ ಅದನ್ನು ಮತ್ತೆ ಕಂಡುಹಿಡಿದ ನಂತರ. ಮೊದಮೊದಲ ಕಾರುಗಳ ಟೈರುಗಳು ಕಿರಿದಾಗಿದ್ದವು. ಅವುಗಳಲ್ಲಿ ಗಾಳಿಯನ್ನು ಬಿಗಿಯಾಗಿ ತುಂಬಿಸಬೇಕಾಗಿತ್ತು. ಮುಂದಿನ ಎರಡು ಚಕ್ರಗಳು ಒಂದೇ ಗಟ್ಟಿ ಅಚ್ಚಿನ ಎರಡು ತುದಿಗಳಲ್ಲಿದ್ದವು. ಅಚ್ಚನ್ನು ಪಟ್ಟಿ ಸ್ಪ್ರಿಂಗುಗಳು ಹೊತ್ತಿದ್ದವು. ಎತ್ತಿನ ಗಾಡಿಗೆ ಸ್ಪ್ರಿಂಗ್ ಹಾಕಿದಂತೆ ಎನ್ನಬಹುದು.

1920ರ ದಶಕದಲ್ಲಿ ಎರಡು ಸುಧಾರಣೆಗಳು ಹೆಚ್ಚುಕಡಿಮೆ ಒಟ್ಟಿಗೆ ಬಂದವು. 1923ರ ಸುಮಾರಿಗೆ ಅಮೆರಿಕದಲ್ಲಿ ‘ಬಲೂನ್ ಟೈರು’ ಮಾರುಕಟ್ಟೆಗೆ ಬಂತು. ಅಗಲವಾದ, ಕಡಿಮೆ ಒತ್ತಡದ ಈ ಟೈರು ಪ್ರಯಾಣವನ್ನು ಮೆತ್ತಗಾಗಿಸಿತು. ಅದೇ ವೇಳೆಗೆ ಮುಂದಿನ ಚಕ್ರಗಳಿಗೂ ಬ್ರೇಕು ಬಂತು. ಅಚ್ಚಿನ ತುದಿಯ ಭಾರ ಹೆಚ್ಚಿತು. ಎರಡೂ ಒಳ್ಳೆಯ ಸುಧಾರಣೆಗಳೇ. ಆದರೆ ಒಂದು ವೇಗ ದಾಟಿದೊಡನೆ ಮುಂದಿನ ಚಕ್ರಗಳು ಎಡಕ್ಕೂ ಬಲಕ್ಕೂ ಹುಚ್ಚೆದ್ದು ಓಲಾಡತೊಡಗಿದವು. ಸ್ಟೀರಿಂಗು ಕೈಯಿಂದ ಕಿತ್ತುಕೊಳ್ಳುವಂತೆ ಬಡಿದಾಡುತ್ತಿತ್ತು. ಆ ಕಾಲದಲ್ಲಿ ಭುಜ ಕುಣಿಸುವ ‘ಶಿಮ್ಮಿ’ ಎಂಬ ನೃತ್ಯ ಜನಪ್ರಿಯವಾಗಿತ್ತು. ಚಕ್ರದ ಕುಣಿತಕ್ಕೂ ಅದೇ ಹೆಸರು ಅಂಟಿಕೊಂಡು ಎಂಜಿನಿಯರಿಂಗ್ ಗ್ರಂಥಗಳಲ್ಲಿ ಇಂದಿಗೂ ಉಳಿದಿದೆ.

ಈ ಶಿಮ್ಮಿಯು ನಾವು ಆರಂಭದಲ್ಲಿ ಕಂಡ ನಡುಕವಲ್ಲ. ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಗಮನಿಸಬೇಕು. ಸಮತೋಲನ ತಪ್ಪಿದ ಚಕ್ರದಲ್ಲಿ ಪ್ರತಿ ಸುತ್ತಿಗೂ ಒಂದು ತಳ್ಳು ಇರುತ್ತದೆ. ಅದು ಹೊರಗಿನ ಬಲದಿಂದಾದ ಕಂಪನ, ಅಂದರೆ ಪ್ರೇರಿತ ಕಂಪನ. ಶಿಮ್ಮಿಗೆ ಅಂಥ ಲಯಬದ್ಧ ತಳ್ಳು ಬೇಕಿಲ್ಲ. ಒಂದು ಸಣ್ಣ ಗುಂಡಿ ಅದನ್ನು ಎಬ್ಬಿಸಿದರೆ ಸಾಕು, ಆಮೇಲೆ ಅದು ಕಾರಿನ ಮುಂದೋಟದಿಂದಲೇ ಶಕ್ತಿ ಹೀರಿಕೊಂಡು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ ಕಿರುಗುಟ್ಟುವುದನ್ನು ನೆನಪಿಸಿಕೊಳ್ಳಿ. ನಿಮ್ಮ ಕೈ ಒಂದೇ ಸಮನೆ ಸರಿಯುತ್ತಿರುತ್ತದೆ, ಆದರೂ ಸೀಮೆಸುಣ್ಣ ಸೆಕೆಂಡಿಗೆ ನೂರಾರು ಬಾರಿ ಕಂಪಿಸುತ್ತದೆ. ಇದು ಸ್ವಪ್ರೇರಿತ ಕಂಪನ. ವೇಗವನ್ನು ತುಸು ಇಳಿಸಿದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ. ಆರಂಭವಾದ ವೇಗಕ್ಕಿಂತ ಬಹಳ ಕೆಳಗೆ ಇಳಿಸಬೇಕಾಗುತ್ತದೆ.

1925ರಲ್ಲಿ ಫ್ರಾನ್ಸಿನ ಎಂಜಿನಿಯರ್ ಜಾರ್ಜ್ ಬ್ರೂಲ್ಯೇ ಈ ಕುಣಿತದ ಬಗ್ಗೆಯೇ ಒಂದು ಪ್ರಬಂಧ ಪ್ರಕಟಿಸಿದ. ಟೈರಿನ ಮೇಲೆ ಪಕ್ಕದಿಂದ ಬಲ ಬಿದ್ದಾಗ ಅದು ತಾನು ಮುಖ ಮಾಡಿದ ದಿಕ್ಕಿನಲ್ಲೇ ಉರುಳುವುದಿಲ್ಲ, ಒಂದು ಸಣ್ಣ ಕೋನದಷ್ಟು ಪಕ್ಕಕ್ಕೆ ಸರಿದು ಉರುಳುತ್ತದೆ ಎಂಬ ಮುಖ್ಯ ಸಂಗತಿಯನ್ನು ಅವನು ಎತ್ತಿ ತೋರಿಸಿದ. ಇಂದು ವಾಹನ ಚಲನೆಯ ಶಾಸ್ತ್ರವೆಲ್ಲ ನಿಂತಿರುವುದು ಈ ಕೋನದ ಮೇಲೆ. 1931ರಲ್ಲಿ ಬೆಕರ್, ಫ್ರಾಮ್, ಮರೂನ್ ಎಂಬ ಮೂವರು ಜರ್ಮನ್ನರು ಸ್ಟೀರಿಂಗ್ ಕಂಪನಗಳ ಬಗ್ಗೆ ಒಂದು ಗ್ರಂಥವನ್ನೇ ಹೊರತಂದರು. ನೋಡಿ, ಒಂದು ತೊಂದರೆಯ ಬೆನ್ನು ಹತ್ತಿದವರಿಂದ ಟೈರು ಎಂದರೇನು ಎಂಬುದೇ ಹೊಸದಾಗಿ ತಿಳಿಯಿತು.

ಜೈರೋಸ್ಕೋಪಿನ ಕೈವಾಡ

ಗಟ್ಟಿ ಅಚ್ಚಿನ ಕಾರಿನಲ್ಲಿ ಇನ್ನೊಂದು ಅಪರಾಧಿಯೂ ಇತ್ತು. ಇದನ್ನು ನೀವು ತರಗತಿಯಲ್ಲೇ ಹಿಡಿದು ತೋರಿಸಬಹುದು. ಸೈಕಲ್ಲಿನ ಮುಂದಿನ ಚಕ್ರವನ್ನು ಬಿಚ್ಚಿ, ಅಚ್ಚಿನ ಎರಡೂ ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದುಕೊಳ್ಳಿ. ಇನ್ನೊಬ್ಬರು ಚಕ್ರವನ್ನು ರಭಸದಿಂದ ತಿರುಗಿಸಲಿ. ಈಗ ಒಂದು ಕೈಯನ್ನು ಮೇಲೆತ್ತಿ, ಇನ್ನೊಂದನ್ನು ಇಳಿಸಿ. ಚಕ್ರ ವಾಲುವುದರ ಜೊತೆಗೆ ಎಡಕ್ಕೋ ಬಲಕ್ಕೋ ತಿರುಗಲು ಹಟ ಹಿಡಿಯುತ್ತದೆ. ಕೋನೀಯ ಸಂವೇಗದ ದಿಕ್ಕನ್ನು ಬದಲಿಸಲು ಹೊರಟಾಗ ಚಕ್ರ ಕೊಡುವ ಉತ್ತರ ಅದು.

ಗಟ್ಟಿ ಅಚ್ಚಿನ ಕಾರಿನಲ್ಲಿ ಎಡ ಚಕ್ರ ಉಬ್ಬಿನ ಮೇಲೆ ಹತ್ತಿದರೆ ಇಡೀ ಅಚ್ಚು ವಾಲುತ್ತದೆ. ಅದರೊಡನೆ ಎರಡೂ ಚಕ್ರಗಳು ವಾಲುತ್ತವೆ. ವಾಲಿದ ಚಕ್ರಗಳು ಜೈರೋಸ್ಕೋಪಿನಂತೆ ಪಕ್ಕಕ್ಕೆ ತಿರುಗುತ್ತವೆ. ಪಕ್ಕಕ್ಕೆ ತಿರುಗುವ ಚಲನೆ ಮತ್ತೆ ಅಚ್ಚನ್ನು ವಾಲಿಸುತ್ತದೆ. ಹೀಗೆ ಅಚ್ಚಿನ ಕುಣಿತವೂ ಸ್ಟೀರಿಂಗಿನ ಓಲಾಟವೂ ಒಂದಕ್ಕೊಂದು ಗಂಟು ಬೀಳುತ್ತವೆ. ಚಕ್ರ ವೇಗವಾಗಿ ತಿರುಗಿದಷ್ಟೂ ಗಂಟು ಬಿಗಿಯಾಗುತ್ತದೆ.

ಈ ಗಂಟನ್ನು ಬಿಡಿಸಿದವರಲ್ಲಿ ಪ್ರಮುಖ ಹೆಸರು ಮೌರಿಸ್ ಓಲಿ. ರೋಲ್ಸ್-ರಾಯ್ಸ್ ಸಂಸ್ಥೆಯಲ್ಲಿ ಪಳಗಿದ್ದ ಈ ಇಂಗ್ಲಿಷ್ ಎಂಜಿನಿಯರ್ 1930ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸೇರಿದ. ಕಾರಿನ ಸವಾರಿ ಹಿತವಾಗಬೇಕಾದರೆ ಏನು ಮಾಡಬೇಕು ಎಂದು ತಿಳಿಯಲು ಒಂದು ಕಾರಿನ ಮೇಲೆ ಸರಿಸಬಲ್ಲ ತೂಕಗಳನ್ನು ಹೇರಿ ಪ್ರಯೋಗಿಸಿದ. ಮುಂದಿನ ಸ್ಪ್ರಿಂಗುಗಳು ಹಿಂದಿನವುಗಳಿಗಿಂತ ಮೃದುವಾಗಿರಬೇಕು ಎಂದು ಪ್ರಯೋಗಗಳು ಹೇಳಿದವು. ಆದರೆ ಗಟ್ಟಿ ಅಚ್ಚನ್ನು ಮೃದು ಸ್ಪ್ರಿಂಗುಗಳ ಮೇಲೆ ಕೂರಿಸಿದರೆ ಶಿಮ್ಮಿ ಕೆರಳುತ್ತಿತ್ತು. ಹಾಗಾದರೆ ಅಚ್ಚನ್ನೇ ಕೈಬಿಡಬೇಕು! ಪ್ರತಿ ಚಕ್ರವೂ ತನ್ನದೇ ಸ್ಪ್ರಿಂಗಿನ ಮೇಲೆ ವಾಲದೆ ನೆಟ್ಟಗೆ ಮೇಲೆ ಕೆಳಗೆ ಚಲಿಸಿದರೆ ಜೈರೋಸ್ಕೋಪಿಗೆ ಕೆಲಸವೇ ಇರುವುದಿಲ್ಲ. ಇಂಥ ಸ್ವತಂತ್ರ ತೂಗು ವ್ಯವಸ್ಥೆ ಇಟಲಿಯ ಲಾನ್ಸಿಯಾ ಲಾಂಬ್ಡಾ ಕಾರಿನಲ್ಲಿ 1922ರಲ್ಲೇ ಇತ್ತು. ಜನರಲ್ ಮೋಟರ್ಸ್ 1934ರ ಮಾದರಿಗಳಲ್ಲಿ ಅದನ್ನು ಅಳವಡಿಸಿದಾಗ ಅದು ದೊಡ್ಡ ಸಂಖ್ಯೆಯ ಕಾರುಗಳಿಗೆ ತಲುಪಿತು.

ಗಟ್ಟಿ ಅಚ್ಚು ಪೂರ್ತಿ ಮಾಯವಾಗಲಿಲ್ಲ. ಲಾರಿಗಳಲ್ಲಿ, ಕಾಡುದಾರಿಗೆಂದೇ ಮಾಡಿದ ಜೀಪುಗಳಲ್ಲಿ ಅದು ಉಳಿಯಿತು. ಅಂಥ ವಾಹನಗಳಲ್ಲಿ ಸ್ಟೀರಿಂಗ್ ಕೀಲುಗಳು ಸವೆದರೆ 1920ರ ದಶಕದ ಅದೇ ಕುಣಿತ ಮರುಕಳಿಸುತ್ತದೆ.

ಪಿಸುಮಾತು ಕೇಳಿಸಿದಾಗ

ಶಿಮ್ಮಿಯ ಅಬ್ಬರ ಅಡಗಿದ ಮೇಲೆ ಅದರಡಿ ಮುಚ್ಚಿಹೋಗಿದ್ದ ಒಂದು ಪಿಸುಮಾತು ಕೇಳಿಸತೊಡಗಿತು. ಅದೇ ಚಕ್ರದ ಅಸಮತೋಲನ. ಜರ್ಮನಿಯಲ್ಲಿ 1930ರ ದಶಕದ ವೇಗದ ಹೆದ್ದಾರಿಗಳು, ಅಮೆರಿಕದಲ್ಲಿ 1956ರ ಕಾಯಿದೆಯ ನಂತರದ ಅಂತರರಾಜ್ಯ ಹೆದ್ದಾರಿಗಳು ಬಂದಂತೆ ಜನ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿಸತೊಡಗಿದರು. ಆಗ ಅದು ಎಲ್ಲರಿಗೂ ಕೇಳಿಸಿತು.

ಒಂದು ಸಣ್ಣ ಲೆಕ್ಕ ಮಾಡೋಣ. ಸಣ್ಣ ಕಾರೊಂದರ ಟೈರಿನ ವ್ಯಾಸ ಸುಮಾರು 58 ಸೆಂ.ಮೀ. ಎಂದರೆ ಸುತ್ತಳತೆ ಸುಮಾರು 1.82 ಮೀಟರ್. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಭಾಗಿಸಿದರೆ ಚಕ್ರ ಸೆಕೆಂಡಿಗೆ ಸುಮಾರು 13.7 ಸುತ್ತು ತಿರುಗುತ್ತದೆ. ಸ್ಪ್ರಿಂಗಿನ ಮತ್ತು ಟೈರಿನ ನಡುವೆ ಕುಣಿಯುವ ಚಕ್ರದ ಸಹಜ ಆವೃತ್ತಿ ಬಹುತೇಕ ಕಾರುಗಳಲ್ಲಿ 10ರಿಂದ 15 ಹರ್ಟ್ಸ್‌ಗಳ ನಡುವೆ ಇರುತ್ತದೆ. ಎರಡೂ ಸಂಧಿಸುವ ಜಾಗ ಎಲ್ಲಿ ಎಂದು ಈಗ ತಿಳಿಯಿತಲ್ಲ!

ಬಲ ಎಷ್ಟು? ರಿಮ್ಮಿನ ಅಂಚಿನಲ್ಲಿ, ಕೇಂದ್ರದಿಂದ 18 ಸೆಂ.ಮೀ. ದೂರದಲ್ಲಿ 30 ಗ್ರಾಂ ಹೆಚ್ಚುವರಿ ತೂಕ ಇದೆ ಎನ್ನಿ. ರಾಶಿ, ತ್ರಿಜ್ಯ ಮತ್ತು ಕೋನೀಯ ವೇಗದ ವರ್ಗ, ಈ ಮೂರನ್ನೂ ಗುಣಿಸಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಸುಮಾರು 50 ನ್ಯೂಟನ್ ಬರುತ್ತದೆ. ಅಂದರೆ 5 ಕಿಲೋ ತೂಕದ ಎಳೆತ, ಪ್ರತಿ ಸೆಕೆಂಡಿಗೆ 15 ಬಾರಿ ದಿಕ್ಕು ಬದಲಿಸುತ್ತಾ! 50 ಕಿ.ಮೀ. ವೇಗದಲ್ಲಿ ಇದು ಕಾಲು ಭಾಗ ಮಾತ್ರ. ಪೇಟೆಯೊಳಗೆ ನಡುಕ ಕಾಣದಿರುವುದಕ್ಕೆ ಇದೂ ಒಂದು ಕಾರಣ.

ಮೊದಲ ಪರಿಹಾರ ಸರಳವಾಗಿತ್ತು. ಚಕ್ರವನ್ನು ಅಡ್ಡಲಾಗಿ ಒಂದು ಮೊನೆಯ ಮೇಲೆ ಕೂರಿಸಿ, ನಡುವಿನ ನೀರ್ಗುಳ್ಳೆ ಯಾವ ಕಡೆ ಸರಿಯುತ್ತದೆ ಎಂದು ನೋಡಿ, ಹಗುರ ಬದಿಗೆ ಸೀಸದ ತುಂಡು ಸಿಕ್ಕಿಸುವುದು. ಇದು ಸ್ಥಿರ ಸಮತೋಲನ. ಆದರೆ ಭಾರದ ಒಂದು ತುಣುಕು ರಿಮ್ಮಿನ ಹೊರ ಅಂಚಿನಲ್ಲೂ, ಅದಕ್ಕೆ ನೇರ ಎದುರಾಗಿ ಇನ್ನೊಂದು ಒಳ ಅಂಚಿನಲ್ಲೂ ಇದ್ದರೆ? ನಿಂತಾಗ ಚಕ್ರ ಸಮವಾಗಿಯೇ ಕಾಣುತ್ತದೆ. ತಿರುಗಿದಾಗ ಎರಡು ಬಲಗಳೂ ಸೇರಿ ಒಂದು ಬಲಯುಗ್ಮವಾಗಿ ಚಕ್ರವನ್ನು ತೊನೆದಾಡಿಸುತ್ತವೆ. ಟೈರು ಅಗಲವಾದಷ್ಟೂ ಈ ತೊಂದರೆ ಹೆಚ್ಚು. ಆದ್ದರಿಂದ ಚಕ್ರವನ್ನು ತಿರುಗಿಸಿಯೇ ಅಳೆದು, ಒಳ ಹೊರ ಎರಡೂ ಅಂಚುಗಳಿಗೆ ತೂಕ ಹಾಕುವ ಚಲನ ಸಮತೋಲನ ಬಂತು. 1970ರ ದಶಕದ ನಂತರ ಎಲೆಕ್ಟ್ರಾನಿಕ್ ಯಂತ್ರಗಳು ಇದನ್ನು ಕ್ಷಣದಲ್ಲಿ ಲೆಕ್ಕ ಹಾಕತೊಡಗಿದವು. ನಮ್ಮ ಊರುಗಳ ಟೈರು ಅಂಗಡಿಗಳಲ್ಲಿ ‘ವೀಲ್ ಬ್ಯಾಲೆನ್ಸಿಂಗ್’ ಎಂದರೆ ಇದೇ.

ಕಥೆ ಇಲ್ಲಿಗೂ ನಿಲ್ಲಲಿಲ್ಲ. ಮಿಶೆಲಿನ್ ಸಂಸ್ಥೆ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ಟೈರು ಕ್ರಮೇಣ ಎಲ್ಲೆಡೆ ಹರಡಿತು. ಆಗ ಇನ್ನೊಂದು ಸೂಕ್ಷ್ಮ ಕಂಡುಬಂತು. ಟೈರು ತೂಕದಲ್ಲಿ ಸಮವಾಗಿದ್ದರೂ ಗಡಸುತನದಲ್ಲಿ ಸಮವಾಗಿರಬೇಕೆಂದಿಲ್ಲ. ಒಂದು ಕಡೆ ಪದರಗಳು ಒಂದರ ಮೇಲೊಂದು ಹೆಚ್ಚು ಬಿದ್ದಿದ್ದರೆ ಆ ಭಾಗ ರಸ್ತೆಗೆ ತಾಗಿದಾಗಲೆಲ್ಲ ಗಟ್ಟಿಯಾಗಿ ಒದೆಯುತ್ತದೆ. ಗಾಳಿಯಲ್ಲಿ ತೇಲಿಸಿ ತಿರುಗಿಸುವ ಸಮತೋಲನ ಯಂತ್ರಕ್ಕೆ ಇದು ಕಾಣುವುದೇ ಇಲ್ಲ. ಟೈರಿನ ಮೇಲೆ ಭಾರ ಹೇರಿ ತಿರುಗಿಸಿದರೆ ಮಾತ್ರ ಗೊತ್ತಾಗುತ್ತದೆ. ಶಿಮ್ಮಿಯ ಸಿದ್ಧಾಂತವೂ ಮುಂದುವರಿಯಿತು. ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಹಾನ್ಸ್ ಪಾಸೆಯ್ಕಾ 1966ರಲ್ಲಿ ಇದೇ ವಿಷಯದ ಮೇಲೆ ಡಾಕ್ಟರೇಟ್ ಪಡೆದು, ಮುಂದೆ ಟೈರಿನ ಗಣಿತಕ್ಕೆ ಜಗತ್ಪ್ರಸಿದ್ಧನಾದ. ಈ ನಡುವೆ ಡಿಸ್ಕ್ ಬ್ರೇಕು ಬಂತು, ಅದರೊಡನೆ ಬ್ರೇಕು ಒತ್ತಿದಾಗ ಮಾತ್ರ ಬರುವ ನಡುಕವೂ ಬಂತು. ಎಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೇ ಹೋಗುವ ಕಾರುಗಳು ಬಂದವು, ಅವುಗಳೊಡನೆ ಆಕ್ಸಲರೇಟರ್ ಒತ್ತಿದಾಗ ಮಾತ್ರ ಬರುವ ನಡುಕವೂ ಬಂತು.

ಕರ್ನಾಟಕದಲ್ಲಿ ಈ ಪಿಸುಮಾತು ಕೇಳಿಸಿದ್ದು ತಡವಾಗಿ. 1958ರಿಂದ 2014ರವರೆಗೆ ತಯಾರಾದ ಅಂಬಾಸಡರ್ ಕಾರಿನಲ್ಲಿ ಬಹುಕಾಲ ಓಡಾಡಿದವರಿಗೆ, ಗುಂಡಿಗಳ ಕುಲುಕಾಟದ ನಡುವೆ 30 ಗ್ರಾಂ ಸೀಸದ ಕೊರತೆ ಎಲ್ಲಿ ತಿಳಿಯಬೇಕು? 2000ದ ದಶಕದಲ್ಲಿ ಸುವರ್ಣ ಚತುಷ್ಪಥ ಯೋಜನೆಯ ರಸ್ತೆ ಬೆಂಗಳೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿಗಳನ್ನು ಹಾದುಹೋಯಿತು. 2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ತೆರೆಯಿತು. ರಸ್ತೆ ನಯವಾದಾಗ ಕಾರಿನ ದೋಷ ಬಯಲಾಯಿತು.

ನಡುಕವನ್ನು ವಿಚಾರಿಸುವ ಕ್ರಮ

ಇಷ್ಟು ಚರಿತ್ರೆ ತಿಳಿದ ಮೇಲೆ ರೋಗಪತ್ತೆ ಸುಲಭ. ಏಕೆಂದರೆ ಪ್ರತಿ ಕಂಪನವೂ ತನ್ನ ಹುಟ್ಟಿನ ಗುರುತನ್ನು ಹೊತ್ತೇ ಬರುತ್ತದೆ. ‘ಎಷ್ಟು ನಡುಗುತ್ತದೆ’ ಎಂಬುದಕ್ಕಿಂತ ‘ಯಾವಾಗ ನಡುಗುತ್ತದೆ’ ಎಂಬ ಪ್ರಶ್ನೆಯೇ ಮುಖ್ಯ.

ಮೊದಲು, ನಡುಕ ರಸ್ತೆಯ ವೇಗವನ್ನು ಅನುಸರಿಸುತ್ತದೆಯೇ, ಎಂಜಿನ್ನಿನ ವೇಗವನ್ನೇ ಎಂದು ನೋಡಿ. ಕಾರಿನ ವೇಗ ಬದಲಾಗದಂತೆ ಗೇರು ಬದಲಿಸಿದಾಗಲೂ ನಡುಕ ಹಾಗೆಯೇ ಇದ್ದರೆ ಎಂಜಿನ್ ನಿರಪರಾಧಿ. ಎರಡನೆಯದು, ಎಲ್ಲಿ ತಿಳಿಯುತ್ತದೆ? ಸ್ಟೀರಿಂಗಿನಲ್ಲಿ ಎದ್ದು ಕಂಡರೆ ಸಾಮಾನ್ಯವಾಗಿ ಮುಂದಿನ ಚಕ್ರಗಳು, ಸೀಟಿನಲ್ಲಿ ಅಥವಾ ಕಾಲಡಿಯಲ್ಲಿ ತಿಳಿದರೆ ಹಿಂದಿನವು. ಮೂರನೆಯದು, ಬ್ರೇಕು ಒತ್ತಿದಾಗ ಮಾತ್ರ ಬಂದರೆ ಡಿಸ್ಕಿನ ದಪ್ಪ ಏರುಪೇರಾಗಿರಬೇಕು. ಆಕ್ಸಲರೇಟರ್ ಒತ್ತಿದಾಗ ಬಂದು ಬಿಟ್ಟಾಗ ಹೋದರೆ ಚಕ್ರಕ್ಕೆ ಶಕ್ತಿ ಒಯ್ಯುವ ದಂಡದ ಕೀಲುಗಳನ್ನು ನೋಡಬೇಕು. ಹಲವು ವಾರ ನಿಂತಿದ್ದ ಕಾರು ಹೊರಟಾಗ ನಡುಗಿ, ಹದಿನೈದಿಪ್ಪತ್ತು ಕಿ.ಮೀ. ಓಡಿದ ಮೇಲೆ ಸುಮ್ಮನಾದರೆ ಟೈರು ನಿಂತಲ್ಲೇ ಚಪ್ಪಟೆಯಾಗಿತ್ತೆಂದು ತಿಳಿಯಿರಿ. ಮಳೆಗಾಲದಲ್ಲಿ ಕೆಸರು ದಾರಿ ತುಳಿದು ಬಂದ ಮರುದಿನ ನಡುಕ ಆರಂಭವಾದರೆ ರಿಮ್ಮಿನ ಒಳಗೆ ಒಣಗಿದ ಕೆಸರನ್ನು ಮೊದಲು ತೊಳೆಯಿರಿ. ದುಡ್ಡು ಆಮೇಲೆ ಖರ್ಚು ಮಾಡಿದರಾಯಿತು.

ಇನ್ನೊಂದು ಲಕ್ಷಣ ಭೌತಶಾಸ್ತ್ರದ ಅಧ್ಯಾಪಕರಿಗೆ ಇಷ್ಟವಾಗಬಹುದು. ಕೆಲವೊಮ್ಮೆ ಒಂದೇ ವೇಗದಲ್ಲಿ ಹೋಗುವಾಗಲೂ ನಡುಕ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಇದು ಶಬ್ದದ ಪಾಠದಲ್ಲಿ ಬರುವ ವಿಸ್ಪಂದವೇ. ಮುಂದಿನ ಎರಡೂ ಚಕ್ರಗಳಲ್ಲಿ ಅಸಮತೋಲನ ಇದ್ದು, ಎರಡೂ ಒಂದೇ ಕ್ಷಣದಲ್ಲಿ ಮುಂದಕ್ಕೆ ಎಳೆದರೆ ಸ್ಟೀರಿಂಗಿನ ಮೇಲಿನ ತಿರುಚುಗಳು ಒಂದನ್ನೊಂದು ಕಳೆಯುತ್ತವೆ. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಎಳೆದರೆ ಕೂಡಿಕೊಳ್ಳುತ್ತವೆ. ಗಾಳಿಯ ಒತ್ತಡದ ವ್ಯತ್ಯಾಸದಿಂದ ಒಂದು ಚಕ್ರದ ಉರುಳು ತ್ರಿಜ್ಯ ಶೇಕಡ ಅರ್ಧದಷ್ಟು ಕಡಿಮೆ ಇದ್ದರೂ ಸಾಕು, 90 ಕಿ.ಮೀ. ವೇಗದಲ್ಲಿ ಸುಮಾರು 15 ಸೆಕೆಂಡಿಗೊಮ್ಮೆ ನಡುಕ ಏರಿಳಿಯುತ್ತದೆ. ದೀರ್ಘ ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಕ್ರಮಿಸುವುದರಿಂದ ತಿರುವು ಮುಗಿದ ಮೇಲೆ ನಡುಕದ ಪ್ರಮಾಣವೇ ಬದಲಾಗಬಹುದು.

ಒಂದು ತಪ್ಪು ಕಲ್ಪನೆಯನ್ನೂ ಇಲ್ಲಿ ಹೇಳಬೇಕು. ನಡುಕ ಎಂದೊಡನೆ ‘ಅಲೈನ್‌ಮೆಂಟ್ ಮಾಡಿಸಿ’ ಎನ್ನುವುದು ರೂಢಿ. ಚಕ್ರಗಳ ಕೋನ ತಪ್ಪಿದರೆ ಕಾರು ಒಂದು ಬದಿಗೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ. ಲಯಬದ್ಧ ನಡುಕಕ್ಕೆ ಅದು ಸಾಮಾನ್ಯವಾಗಿ ನೇರ ಕಾರಣವಲ್ಲ.

ಬಾಯಿ ಮುಚ್ಚಿಸಿದ ಸಾಕ್ಷಿ

ಕೆಲವು ವರ್ಷಗಳ ಹಿಂದಿನ ಮಾತು. ವಿಜ್ಞಾನ ಶಿಬಿರವೊಂದಕ್ಕೆ ನಾವು ನಾಲ್ವರು ಇದೇ ರಸ್ತೆಯಲ್ಲಿ ಹೊರಟಿದ್ದೆವು. ಹದಿನೈದು ದಿನ ಮೊದಲು ಸ್ಟೀರಿಂಗ್ ನಡುಗುತ್ತಿತ್ತೆಂದು ಬ್ಯಾಲೆನ್ಸಿಂಗ್ ಮಾಡಿಸಿದ್ದೆ, ನಡುಕ ನಿಂತಿತ್ತು. ಆ ದಿನ ಶಿರಾ ಹತ್ತಿರ ಬರುವಾಗ ಅದು ಮರಳಿ ಬಂತು. ಈ ಬಾರಿ 90ರಲ್ಲಲ್ಲ, 60ರಲ್ಲೇ. ಬ್ಯಾಲೆನ್ಸಿಂಗ್ ಆಗಿದೆಯಲ್ಲ, ಇನ್ನೇನಿರುತ್ತದೆ ಎಂದುಕೊಂಡು ಇನ್ನೂ ಐದಾರು ಕಿ.ಮೀ. ಓಡಿಸಿದೆ. ಕೊನೆಗೆ 40ರಲ್ಲೂ ಕಾರು ಓಲಾಡಿದಾಗ ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿದೆ.

ಅಂಗಡಿಯವನು ಚಕ್ರ ಬಿಚ್ಚಿ, ಟೈರಿನ ಒಳಮೈ ಮೇಲೆ ಅಂಗೈ ಸವರಿದ. ನನ್ನ ಕೈಯನ್ನೂ ಅಲ್ಲಿ ಇಡಿಸಿದ. ಅರ್ಧ ನಿಂಬೆಹಣ್ಣಿನಷ್ಟು ಉಬ್ಬು! ಆಮೇಲೆ ರಿಮ್ಮಿನ ಮೇಲಿದ್ದ ತೂಕದ ತುಂಡುಗಳನ್ನು ಎಣಿಸಿದ. ಒಂದೇ ಚಕ್ರಕ್ಕೆ 90 ಗ್ರಾಂ. “ಟೈರು ಹೋಗ್ತಾ ಇದೆ ಅಂತ ಹೇಳ್ತಾ ಇತ್ತು ಸಾರ್. ತೂಕ ಹಾಕಿ ಅದರ ಬಾಯಿ ಮುಚ್ಚಿಸಿದ್ದಾರೆ” ಎಂದ. ಬ್ಯಾಲೆನ್ಸಿಂಗ್ ಮಾಡಿದವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಯಂತ್ರ ಸೊನ್ನೆ ತೋರಿಸಿದ್ದನ್ನು ನೋಡಿ ಸಮಾಧಾನಪಟ್ಟವನು ನಾನೇ. ಕಂಪನದ ವೇಗ 90ರಿಂದ 60ಕ್ಕೆ ಇಳಿದದ್ದು ಏಕೆ ಎಂದು ಆ ಐದಾರು ಕಿ.ಮೀ. ಕೇಳಿಕೊಳ್ಳದವನೂ ನಾನೇ.

ಟೈರಿನೊಳಗಿನ ಪದರಗಳು ಬಿಟ್ಟುಕೊಳ್ಳುವುದು ಎಷ್ಟು ಅಪಾಯಕರ ಎಂಬುದಕ್ಕೆ ಚರಿತ್ರೆಯಲ್ಲಿ ದೊಡ್ಡ ಉದಾಹರಣೆಯೇ ಇದೆ. 2000ದ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಸಂಸ್ಥೆ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿತು. ಓಡುವಾಗಲೇ ಟೈರಿನ ಹೊರಪದರ ಕಳಚಿ ವಾಹನಗಳು ಮಗುಚಿದ ಅಪಘಾತಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಪದರ ಬಿಡುತ್ತಿರುವ ಟೈರು ಅನೇಕ ಸಲ ಸಿಡಿಯುವ ಮೊದಲು ನಡುಗುತ್ತದೆ, ಉಬ್ಬುತ್ತದೆ. ಆ ಎಚ್ಚರಿಕೆ ಕೆಲವೇ ಕಿ.ಮೀ.ಗಳಷ್ಟು ಚಿಕ್ಕದಾಗಿರಬಹುದು.

ಆದ್ದರಿಂದ ಇಷ್ಟನ್ನು ನೆನಪಿಡಿ. ಒಂದೇ ವೇಗದಲ್ಲಿ ಬಂದು, ಮುಂದೆ ಕಡಿಮೆಯಾಗುವ, ವಾರಗಟ್ಟಲೆ ಬದಲಾಗದ ನಡುಕವನ್ನು ಬಿಡುವಾದಾಗ ಸರಿಪಡಿಸಿಕೊಳ್ಳಬಹುದು. ದಿನದಿನಕ್ಕೆ ಹೆಚ್ಚುವ, ಕಡಿಮೆ ವೇಗಕ್ಕೆ ಇಳಿದು ಬರುವ, ಅಥವಾ ಚಕ್ರ ಬಿಚ್ಚಿ ಹಾಕಿಸಿದ ಕೂಡಲೆ ಆರಂಭವಾದ ನಡುಕ ಕಂಡರೆ ವೇಗ ತಗ್ಗಿಸಿ, ರಸ್ತೆ ಬದಿಗೆ ಬನ್ನಿ. ಟೈರಿನ ಎರಡೂ ಮೈ ನೋಡಿ, ಚಕ್ರದ ನಟ್ಟುಗಳು ಬಿಗಿಯಾಗಿವೆಯೇ ನೋಡಿ. ಬ್ಯಾಲೆನ್ಸಿಂಗ್ ಮಾಡಿಸುವಾಗ ಒಂದೇ ಚಕ್ರಕ್ಕೆ ಬಹಳ ತೂಕ ಬೇಕಾದರೆ, ‘ಏಕೆ?’ ಎಂದು ಕೇಳದೆ ಅಂಗಡಿಯಿಂದ ಹೊರಡಬೇಡಿ.

ಅಧ್ಯಾಪಕರು ಇದನ್ನು ತರಗತಿಯಲ್ಲಿ ತೋರಿಸಲು ಕಾರು ಬೇಕಿಲ್ಲ. ಸೈಕಲ್ಲೊಂದನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರದ ರಿಮ್ಮಿನ ಹತ್ತಿರ ಕಡ್ಡಿಯೊಂದಕ್ಕೆ ಒಂದು ನಟ್ಟನ್ನು ತಂತಿಯಿಂದ ಬಿಗಿಯಾಗಿ ಕಟ್ಟಿ. ಎದುರು ಯಾರೂ ನಿಲ್ಲದಂತೆ ನೋಡಿಕೊಂಡು ಪೆಡಲನ್ನು ನಿಧಾನವಾಗಿ ತಿರುಗಿಸುತ್ತಾ ವೇಗ ಏರಿಸಿ. ಯಾವ ವೇಗದಲ್ಲಿ ಸೈಕಲ್ ಹೆಚ್ಚು ಕುಣಿಯುತ್ತದೆ ಎಂದು ಮಕ್ಕಳು ಸೀಟಿನ ಮೇಲೆ ಕೈಯಿಟ್ಟು ಹೇಳಲಿ. ಬಳಿಕ ನಟ್ಟಿನ ಎದುರು ಬದಿಗೆ ಅಷ್ಟೇ ತೂಕದ ಇನ್ನೊಂದು ನಟ್ಟು ಕಟ್ಟಿ ನೋಡಲಿ. ಕುಣಿತ ನಿಂತ ಮೇಲೆ ಅವರನ್ನು ಒಂದು ಪ್ರಶ್ನೆ ಕೇಳಿ: ಈಗ ಮೊದಲನೆಯ ನಟ್ಟು ಎಲ್ಲಿಗೆ ಹೋಯಿತು?